ಡಿಎಲ್ ಬಂದು 20 ದಿನ, ಕಾರು ತುಂಬಾ ಗೆಳೆಯರು

ಪ್ರಶ್ನೆ: ಮಗನಿಗೆ 18 ತುಂಬಿದೆ, ಡಿಎಲ್ ಬಂದು 20 ದಿನ ಆಯ್ತು. ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ನಮ್ಮ ಕಾರಲ್ಲಿ ಚಿಕ್ಕಮಗಳೂರಿನ ಬೆಟ್ಟಕ್ಕೆ ಹೋಗ್ತೀನಿ ಅಂತಾನೆ, ಅದೂ ರಾತ್ರಿ 2 ಗಂಟೆಗೆ ಹೊರಟು. ಬೇಡ ಅಂದರೆ "ಲೈಸೆನ್ಸೇ ಇದೆಯಲ್ಲಮ್ಮಾ" ಅಂತಾನೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಲೈಸೆನ್ಸ್ ಇದೆ, ನಿಜ. ಆದರೆ ಟೆಸ್ಟ್ ಕೊಟ್ಟಿದ್ದು ಹಗಲಲ್ಲಿ, ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದಾಗ. ಹಿಂದಿನ ಸೀಟಲ್ಲಿ ಮೂರು ಜನ ಹಾಡು ಹಾಕಿಕೊಂಡು ಕಿರುಚುತ್ತಿರುವಾಗ, ಬೇಲೂರು ರಸ್ತೆಯ ತಿರುವಲ್ಲಿ ಎದುರಿಂದ ಲಾರಿಯೊಂದು ಹೈ ಬೀಮ್ ಹಾಕಿಕೊಂಡು ಬಂದರೆ ಹುಡುಗ ಏನು ಮಾಡುತ್ತಾನೆ ಅಂತ ಯಾರೂ ಟೆಸ್ಟ್ ಮಾಡಿಲ್ಲ, ಅಲ್ವಾ?

ನನ್ನ ಹತ್ತಿರ ಡ್ರೈವಿಂಗ್ ಕಲಿಯುವ ಹುಡುಗರಲ್ಲೂ ಇದನ್ನೇ ನೋಡಿದ್ದೇನೆ. ಒಬ್ಬನೇ ಇದ್ದಾಗ ನೀಟಾಗಿ ಓಡಿಸುತ್ತಾನೆ. "ಮಗಾ, ಆ ಗಾಡಿನ ಓವರ್‌ಟೇಕ್ ಮಾಡೋ" ಅಂತ ಹಿಂದಿನಿಂದ ಒಂದು ದನಿ ಬಂತೋ, ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಹೋಗುತ್ತದೆ. ನ್ಯೂಜಿಲೆಂಡಿನವರು ಇದಕ್ಕೆಂದೇ 1987ರಲ್ಲಿ ಹಂತ ಹಂತದ ಲೈಸೆನ್ಸ್ ತಂದರು. ಅಲ್ಲಿ ಹೊಸಬರು ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಒಬ್ಬರೇ ಓಡಿಸುವಂತಿಲ್ಲ. ಅನುಭವ ಇರುವವರು ಪಕ್ಕದಲ್ಲಿ ಇಲ್ಲದಿದ್ದರೆ ಗೆಳೆಯರನ್ನು ಕೂರಿಸಿಕೊಳ್ಳುವಂತೆಯೂ ಇಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ, ಹಾಗಾಗಿ ಕೀ ಇಟ್ಟುಕೊಂಡಿರುವ ನೀವೇ ಕಾನೂನು.

ಸುಮ್ನೆ ಬೇಡ ಅನ್ನಬೇಡಿ, ಇನ್ಯಾರದೋ ಬೈಕ್ ತಗೊಂಡು ಹೋಗುತ್ತಾನೆ. ಬೆಳಕು ಹರಿದ ಮೇಲೆ ಹೊರಡಲಿ, ಒಬ್ಬ ಗೆಳೆಯ ಸಾಕು, ಮೊದಲ ಸಲ ಅಪ್ಪನೋ ಮಾವನೋ ಪಕ್ಕದಲ್ಲಿ ಕೂರಲಿ. ಮುಖ ಊದಿಸಿಕೊಳ್ಳುತ್ತಾನೆ, ಊದಿಸಿಕೊಳ್ಳಲಿ ಬಿಡಿ.

ಬೆಟ್ಟದ ಪಾಠವೇ ಬೇರೆ. ಇಳಿಯುವಾಗ ನ್ಯೂಟ್ರಲ್ ಬೇಡವೇ ಬೇಡ, ಯಾವ ಗೇರಲ್ಲಿ ಹತ್ತಿದನೋ ಅದೇ ಗೇರಲ್ಲಿ ಇಳಿಯಬೇಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಆರಲು ಬಿಡಲಿ. ಕಿರಿದಾದ ದಾರಿಯಲ್ಲಿ ಹತ್ತುವ ಗಾಡಿಗೆ ಮೊದಲು ಜಾಗ ಕೊಡಬೇಕು, ಇದು ಎಷ್ಟೋ ಹಳೇ ಡ್ರೈವರ್‌ಗಳಿಗೂ ಗೊತ್ತಿಲ್ಲ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಹಿಂದಿನ ಸೀಟಿಗೆ ಕೈ ಹಾಕಿ, ಬೆಲ್ಟ್ ಸಿಕ್ಕಿಸುವ ಬಕಲ್ ಕೈಗೆ ಸಿಗುತ್ತಾ ನೋಡಿ. ಸೀಟ್ ಕವರ್ ಹಾಕಿಸಿದಾಗ ಅದು ಅಡಿಯಲ್ಲಿ ಹೂತುಹೋಗಿರುತ್ತದೆ. ನನ್ನ ಸ್ವಂತ ಕಾರಲ್ಲೇ ಎರಡು ವರ್ಷ ಹಾಗಿತ್ತು, ನಾಚಿಕೆಗೇಡು! ಹಿಂದೆ ಕೂತವರಿಗೂ ಬೆಲ್ಟ್ ಕಡ್ಡಾಯ. ಹಾಕದಿದ್ದರೆ ಗುದ್ದಿದಾಗ ಅವರು ಹಾರಿ ಬೀಳುವುದು ಮುಂದೆ ಕೂತವರ ಮೇಲೆ.

ಪ್ರಶ್ನೆ: ಕಾಲೇಜ್ ಫ್ರೆಂಡ್ ಕಾರು ಓಡಿಸ್ತಾ ರೀಲ್ಸ್ ನೋಡ್ತಾನೆ. ನಿಧಾನ ಹೋಗು ಅಂದರೆ ಎಲ್ಲರೂ ನಗ್ತಾರೆ.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನೋಡಮ್ಮ, 60ರ ಸ್ಪೀಡಲ್ಲಿ ಎರಡೇ ಸೆಕೆಂಡ್ ಫೋನ್ ನೋಡಿದರೂ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರ ಕಣ್ಣು ಮುಚ್ಚಿ ಓಡಿಸಿದಂತೆಯೇ. ಮುಂದಿನ ಸೀಟಲ್ಲಿ ಕೂತರೆ ಅವನ ಫೋನ್ ನೀನೇ ಇಟ್ಟುಕೋ, "ಮ್ಯಾಪ್ ನಾನು ನೋಡ್ತೀನಿ" ಅನ್ನು. ಕೆಲಸ ಹಂಚಿಕೊಂಡಂತೆ ಇರುತ್ತದೆ, ಬುದ್ಧಿ ಹೇಳಿದಂತೆ ಇರಲ್ಲ. ಅದಕ್ಕೂ ಬಗ್ಗದಿದ್ದರೆ ಬಾಯಿಗೆ ಕೈ ಅಡ್ಡ ಇಟ್ಟು "ವಾಂತಿ ಬರ್ತಿದೆ, ನಿಲ್ಸು" ಅನ್ನು. ಅಪ್ಪನ ಕಾರಿನ ಸೀಟ್ ಹಾಳಾಗುತ್ತೆ ಅಂದರೆ ಯಾರಾದರೂ ನಿಲ್ಲಿಸಲೇಬೇಕು. ಅಂಗಡಿಯೋ ಹೋಟೆಲೋ ಜನ ಇರುವ ಜಾಗ ನೋಡಿ ಇಳಿ. ಇಳಿದ ಮೇಲೆ ಮತ್ತೆ ಹತ್ತಬೇಡ, ಮನೆಗೆ ಫೋನ್ ಮಾಡು.

ಮನೆಯವರಿಗೂ ಒಂದು ಮಾತು: ಆ ಫೋನ್ ಬಂದಾಗ "ಎಲ್ಲಿದ್ದೀಯಾ, ಬರ್ತೀನಿ" ಅಷ್ಟೇ ಕೇಳಿ. ಬೈಯುವುದಿದ್ದರೆ ನಾಳೆ ಬೈಯಿರಿ.