ಓದುಗರ ಪ್ರಶ್ನೆ: ಅಣ್ಣನ ಕಂಪನಿಯಿಂದ ತಮ್ಮನ ಕಂಪನಿಗೆ ಹೋಗುವಾಗ

ಪ್ರಶ್ನೆ: ಪೀಣ್ಯದಲ್ಲಿ ಒಂದೇ ಕುಟುಂಬದವರು ನಡೆಸುವ ದೊಡ್ಡ ಕಂಪನಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಈಗ ಯಜಮಾನರ ಮಕ್ಕಳು ಪಾಲಾಗಿದ್ದಾರೆ, ನಮ್ಮ ವಿಭಾಗ ಕಿರಿಯವರ ಹೊಸ ಕಂಪನಿಗೆ ಸೇರುತ್ತದೆ. ‘ರಾಜೀನಾಮೆ ಬರೆದು ಹೊಸ ನೇಮಕಾತಿ ಪತ್ರ ತಗೊಳ್ಳಿ, ಏನೂ ಬದಲಾಗಲ್ಲ’ ಎನ್ನುತ್ತಾರೆ. ಬರೆದುಕೊಡಲೇ?

ಉತ್ತರ: ಬೇಡ. ವರ್ಗಾವಣೆ ಪತ್ರ ಕೇಳಿ. ರಾಜೀನಾಮೆ ಕೊಟ್ಟರೆ ಸಂಬಳ, ಕೂರುವ ಜಾಗ ಅದೇ ಇರಬಹುದು, ಆದರೆ ನಿಮ್ಮ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಕಾಯಂ ನೌಕರರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕಂಪನಿ ಕೊಡುವ ಹಣ) ಸಿಗಲು ಐದು ವರ್ಷದ ನಿರಂತರ ಸೇವೆ ಬೇಕು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು (ಉಳಿದ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವನ್ನೂ) ಕೂಡಿ, 15ರಿಂದ ಗುಣಿಸಿ, 26ರಿಂದ ಭಾಗಿಸಿದರೆ ಒಂದು ವರ್ಷದ ಮೊತ್ತ. 20,800 ರೂಪಾಯಿ ಇದ್ದರೆ ವರ್ಷಕ್ಕೆ 12,000. ಇಲ್ಲಿ ನಾಲ್ಕು, ಅಲ್ಲಿ ನಾಲ್ಕು ವರ್ಷ ದುಡಿದು ಬಿಟ್ಟರೆ, ಸೇವೆ ಸೇರಿಸಿದವರಿಗೆ 96,000 ಬರುತ್ತದೆ. ರಾಜೀನಾಮೆ ಕೊಟ್ಟವರು ಎರಡೂ ಕಡೆ ಬರಿಗೈ.

ಪತ್ರದಲ್ಲಿ ಮೊದಲು ಸೇರಿದ ದಿನಾಂಕ, ‘ಸೇವೆ ನಿರಂತರ’ ಎಂಬ ಮಾತು, ಹಳೆಯ ಗ್ರಾಚ್ಯುಟಿ ಹಾಗೂ ಉಳಿದ ರಜೆಯ ಹೊಣೆ ಹೊಸ ಕಂಪನಿಯದು ಎಂಬ ಒಪ್ಪಿಗೆ ಇರಬೇಕು. ಎರಡೂ ಕಂಪನಿಗಳ ಸಹಿ, ಮೊಹರು ಹಾಕಿಸಿ. ಒಂದರದ್ದೇ ಇದ್ದರೆ ಮುಂದೆ ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು. ಈಗಾಗಲೇ ರಾಜೀನಾಮೆ ಕೊಟ್ಟ ಸಹೋದ್ಯೋಗಿಗಳಿದ್ದರೆ, ಇದೇ ಮಾತುಗಳನ್ನು ಹೊಸ ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಲಿ. ಒಪ್ಪದಿದ್ದರೆ ಕಾಗದಪತ್ರಗಳ ನಕಲು ಹಿಡಿದು ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ, ಕಾರ್ಮಿಕ ಭವನದಲ್ಲಿ ವಿಚಾರಿಸಿ.

ಪಿಎಫ್‌ಗೆ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಅದೇ, ಆಯಾ ಕಂಪನಿಯಲ್ಲಿ ಸಿಗುವ ಸದಸ್ಯ ಸಂಖ್ಯೆ ಮಾತ್ರ ಹೊಸದು. ಹಳೆಯ ಕಂಪನಿ ನೀವು ಬಿಟ್ಟ ದಿನಾಂಕ ನಮೂದಿಸದಿದ್ದರೆ ಹಣದ ವರ್ಗಾವಣೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಕಂಪನಿಯ ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ನೀವೇ ಪಿಎಫ್ ಪೋರ್ಟಲ್‌ನಲ್ಲಿ ತುಂಬಬಹುದು. ಪಿಎಫ್ ಜೊತೆ ಕಟ್ಟಿದ ಹಳೆಯ ಪಿಂಚಣಿ ಹಣವನ್ನು ಮಾತ್ರ ವಾಪಸ್ ತೆಗೆಯಬೇಡಿ: ತೆಗೆದರೆ ಪಿಂಚಣಿಗೆ ಬೇಕಾದ 10 ವರ್ಷದಲ್ಲಿ ಆ ನಾಲ್ಕು ವರ್ಷ ಕಳೆದುಹೋಗುತ್ತದೆ.

ಪ್ರಶ್ನೆ: ದೊಡ್ಡ ಯಜಮಾನರು ಸಂಬಳ ಹೆಚ್ಚಿಸಿದ್ದೇನೆ ಎಂದರು. ಅಕೌಂಟ್ಸ್‌ನವರು ಆದೇಶ ಬಂದಿಲ್ಲ ಅಂತಾರೆ.

ಉತ್ತರ: ಮನೆಯವರೇ ನಡೆಸುವ ಕಂಪನಿಗಳಲ್ಲಿ ಇದು ಮಾಮೂಲು. ಯಜಮಾನರು ಮನಸಾರೆ ಹೇಳಿರುತ್ತಾರೆ, ಕಾಗದ ಮಾತ್ರ ಕೆಳಗಿಳಿದಿರುವುದಿಲ್ಲ. ಅವತ್ತೇ ಎಚ್‌ಆರ್‌ಗೆ ಮೇಲ್ ಮಾಡಿ, ಅಕೌಂಟ್ಸ್‌ನವರನ್ನೂ ಅದರಲ್ಲಿ ಸೇರಿಸಿ: ಯಾರು, ಯಾವತ್ತು, ಎಷ್ಟು, ಯಾವ ತಿಂಗಳಿಂದ ಎಂದರು ಅನ್ನುವುದನ್ನು ಬರೆಯಿರಿ. ಹೆಚ್ಚಳ ಮೂಲವೇತನಕ್ಕೋ ಭತ್ಯೆಗೋ ಎಂದೂ ಕೇಳಿ. ಮೂಲವೇತನ ಏರಿದರೆ ಗ್ರಾಚ್ಯುಟಿಯೂ ಏರುತ್ತದೆ.