ಶೇ 80ರ ಲೆಕ್ಕ ಮತ್ತು ಅದೇ ಹಳೇ ಪ್ರಶ್ನೆಗಳು

ರಷ್ಯಾ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಈ ಸಲ ಅದಕ್ಕೇ ಜಾಗ ಕೊಟ್ಟುಬಿಡುತ್ತೇನೆ. ಇನ್ನು ಮುಂದೆ ಕೇಳುವವರಿಗೆ ಈ ಪುಟವನ್ನೇ ತೋರಿಸಬಹುದು.

ಪ್ರಶ್ನೆ: ಪುಟಿನ್‌ಗೆ ಶೇ 80ಕ್ಕಿಂತ ಹೆಚ್ಚು ಜನರ ಬೆಂಬಲವಿದೆ ಎಂದು ಸಮೀಕ್ಷೆಗಳು ಹೇಳುತ್ತವೆ. ಇದು ನಿಜವೋ ಸುಳ್ಳೋ? ಸುಳ್ಳಾದರೆ ಜನ ಯಾಕೆ ಬೀದಿಗಿಳಿಯುವುದಿಲ್ಲ? ಒಂದೇ ಮಾತಿನಲ್ಲಿ ಹೇಳಿ. (ದಾವಣಗೆರೆಯ ಓದುಗರು)

ಒಂದೇ ಮಾತಿನಲ್ಲಿ ಹೇಳುವವರು ಟಿವಿ ಚರ್ಚೆಯಲ್ಲಿ ಧಾರಾಳವಾಗಿ ಸಿಗುತ್ತಾರೆ, ಅಲ್ಲಿಗೇ ಹೋಗಿ. ನನ್ನ ಉತ್ತರ ಬೇಕಿದ್ದರೆ ಮೊದಲು 2019ರ ಮೇ ತಿಂಗಳ ಒಂದು ಪ್ರಸಂಗ ಕೇಳಿ.

ವ್‌ತ್ಸಿಯೋಮ್ ಎಂಬ ಸರ್ಕಾರಿ ಸಮೀಕ್ಷಾ ಸಂಸ್ಥೆಯೊಂದಿದೆ (ನಾಲಿಗೆ ಹೊರಳದಿದ್ದರೆ ಚಿಂತೆಯಿಲ್ಲ). ಅದು ಜನರನ್ನು ‘ನೀವು ನಂಬುವ ರಾಜಕಾರಣಿಗಳು ಯಾರು? ಹೆಸರು ಹೇಳಿ’ ಎಂದು ಕೇಳುತ್ತಿತ್ತು. ಆ ತಿಂಗಳು ಪುಟಿನ್ ಹೆಸರು ಹೇಳಿದವರು ಶೇ 31.7 ಮಾತ್ರ. ಕ್ರೆಮ್ಲಿನ್ ವಕ್ತಾರ ಪೆಸ್ಕೋವ್ ಇದಕ್ಕೆ ವಿವರಣೆ ಬೇಕು ಎಂದರು. ಕೆಲವೇ ದಿನಗಳಲ್ಲಿ ಸಂಸ್ಥೆ ಪ್ರಶ್ನೆಯನ್ನೇ ತಿರುಗಿಸಿ, ‘ನೀವು ಪುಟಿನ್‌ರನ್ನು ನಂಬುತ್ತೀರಾ, ಇಲ್ಲವಾ?’ ಎಂದು ನೇರವಾಗಿ ಕೇಳಿತು. ಉತ್ತರ ಶೇ 72.3! ದೇಶ ಅದೇ, ಜನ ಅವರೇ, ಅಧ್ಯಕ್ಷರೂ ಅವರೇ. ಎರಡೂ ಅಂಕಿಗಳು ಸುಳ್ಳಲ್ಲ. ತಾನಾಗಿ ಬಾಯಿಗೆ ಬರುವ ಹೆಸರು ಬೇರೆ, ಮುಂದಿಟ್ಟು ಕೇಳಿದಾಗ ‘ಹ್ಞೂಂ’ ಎನ್ನುವುದು ಬೇರೆ. ಅತ್ತೆ ಎದುರಿಗೆ ಕೂತಿರುವಾಗ ಸೊಸೆಯನ್ನು ‘ಮನೆ ಹೇಗಿದೆಯಮ್ಮಾ?’ ಎಂದು ಕೇಳಿದರೆ ಏನು ಹೇಳುತ್ತಾಳೆ?

ಇನ್ನು ನೀವು ಹೇಳುವ ಶೇ 80ರ ಅಂಕಿ ಸಾಮಾನ್ಯವಾಗಿ ಲೆವಾಡಾ ಸೆಂಟರ್‌ನದು. ಇದೂ ಕ್ರೆಮ್ಲಿನ್ ಕೂಸು ಎಂದು ತಿಳಿದವರು ಬಹಳ. ಅಲ್ಲ. 2003ರಲ್ಲಿ ಸರ್ಕಾರ ವ್‌ತ್ಸಿಯೋಮ್ ಮೇಲೆ ಹಿಡಿತ ಬಿಗಿ ಮಾಡಿದಾಗ ಸಮಾಜಶಾಸ್ತ್ರಜ್ಞ ಯೂರಿ ಲೆವಾಡಾ ತಮ್ಮ ತಂಡ ಕಟ್ಟಿಕೊಂಡು ಹೊರನಡೆದು ಸ್ಥಾಪಿಸಿದ ಸಂಸ್ಥೆ ಇದು. 2016ರಲ್ಲಿ ಸರ್ಕಾರ ಇದಕ್ಕೆ ‘ವಿದೇಶಿ ಏಜೆಂಟ್’ ಎಂಬ ಹಣೆಪಟ್ಟಿ ಹಚ್ಚಿದೆ. ಇವರ ಅಂಕಿ ಏರುವುದಷ್ಟೇ ಅಲ್ಲ, ಇಳಿಯುತ್ತದೆ ಕೂಡ. 2014ರಲ್ಲಿ ಉಕ್ರೇನ್‌ನ ಕ್ರೈಮಿಯಾ ಕೈಸೇರಿದಾಗ 80 ದಾಟಿತು. 2018ರಲ್ಲಿ, ಫುಟ್‌ಬಾಲ್ ವಿಶ್ವಕಪ್ ಶುರುವಾದ ದಿನವೇ, ಪಿಂಚಣಿ ವಯಸ್ಸು ಏರಿಸುವ ಪ್ರಸ್ತಾಪ ಬಂತು. ಒಂದೆರಡು ತಿಂಗಳಲ್ಲಿ ಅಂಕಿ 70ರ ಕೆಳಗೆ ಜಾರಿತು. 2022ರ ಸೆಪ್ಟೆಂಬರ್‌ನಲ್ಲಿ ಉಕ್ರೇನ್ ಯುದ್ಧಕ್ಕಾಗಿ ಮೂರು ಲಕ್ಷ ಜನರ ಸೇನಾ ಭರ್ತಿ ಘೋಷಿಸಿದಾಗಲೂ ಇಳಿಯಿತು. ಕೋಣೆಯಲ್ಲಿ ಕೂತು ಬರೆದ ಅಂಕಿಗೆ ಈ ಏರಿಳಿತ ಇರುವುದಿಲ್ಲ.

ಹಾಗಾದರೆ ಅದು ಅಳೆಯುವುದಾದರೂ ಏನನ್ನು? ಲೆವಾಡಾದವರು ಮನೆ ಬಾಗಿಲಿಗೇ ಬಂದು ಎದುರು ಕೂತು ಕೇಳುತ್ತಾರೆ. 2022ರ ಮಾರ್ಚ್‌ನಲ್ಲಿ ಬಂದ ಕಾನೂನಿನ ಪ್ರಕಾರ, ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಜೈಲು. ಸೇಂಟ್ ಪೀಟರ್ಸ್‌ಬರ್ಗ್‌ನ ಕಲಾವಿದೆ ಸಾಶಾ ಸ್ಕೊಚಿಲೆಂಕೊ ಸೂಪರ್‌ಮಾರ್ಕೆಟ್‌ನಲ್ಲಿ ಬೆಲೆ ಚೀಟಿಗಳ ಜಾಗದಲ್ಲಿ ಯುದ್ಧವಿರೋಧಿ ಚೀಟಿ ಇಟ್ಟದ್ದಕ್ಕೆ ಏಳು ವರ್ಷ ಶಿಕ್ಷೆಯಾಯಿತು. ದೂರು ಕೊಟ್ಟದ್ದು ಅಂಗಡಿಗೆ ಬಂದಿದ್ದ ವೃದ್ಧೆ. ಇಂಥ ಊರಿನಲ್ಲಿ ಗುರುತಿಲ್ಲದವರು ಬಂದು ಅಧ್ಯಕ್ಷರ ಬಗ್ಗೆ ಅಭಿಪ್ರಾಯ ಕೇಳಿದರೆ ನೀವಾದರೂ ಏನು ಹೇಳುತ್ತಿದ್ದಿರಿ?

ಭಯದ ಪಾಲು ಎಷ್ಟೆಂದು ತಿಳಿಯಲು ಸಂಶೋಧಕರು ಒಂದು ಉಪಾಯ ಮಾಡುತ್ತಾರೆ. ಒಂದು ಗುಂಪಿಗೆ ಮೂರು ನಾಯಕರ ಪಟ್ಟಿ, ಇನ್ನೊಂದಕ್ಕೆ ಅದೇ ಮೂವರ ಜೊತೆ ಪುಟಿನ್. ‘ಯಾರು ಎಂದು ಹೇಳಬೇಡಿ, ಪಟ್ಟಿಯಲ್ಲಿ ಎಷ್ಟು ಜನ ನಿಮಗೆ ಮೆಚ್ಚುಗೆ ಅಷ್ಟೇ ಹೇಳಿ’ ಎನ್ನುತ್ತಾರೆ. ಎರಡನೇ ಗುಂಪಿನ ಸರಾಸರಿಯಿಂದ ಮೊದಲನೆಯದರ ಸರಾಸರಿ ಕಳೆದರೆ ಉಳಿದದ್ದು ಪುಟಿನ್ ಪಾಲು. ಕ್ರೈಮಿಯಾದ ಮರುವರ್ಷ ಹೀಗೆ ಅಳೆದಾಗ ನೇರ ಪ್ರಶ್ನೆಗಿಂತ ಸ್ವಲ್ಪವೇ ಕಡಿಮೆ ಬಂದಿತ್ತು. ಕೆಲವು ವರ್ಷಗಳ ನಂತರ ಅಂತರ ಹಿಗ್ಗಿತು. ಅಂದರೆ ಭಯವೂ ಇದೆ, ಒಪ್ಪಿಗೆಯೂ ಇದೆ. ‘ರಷ್ಯನ್ನರೆಲ್ಲ ಮನಸ್ಸಿನಲ್ಲೇ ಪುಟಿನ್ ವಿರೋಧಿಗಳು’ ಎನ್ನುವ ಯೂಟ್ಯೂಬ್ ಪಂಡಿತರಿಗೂ, ‘ರಾಮರಾಜ್ಯ ಅಂದರೆ ಅದೇ’ ಎನ್ನುವ ವಾಟ್ಸ್‌ಆ್ಯಪ್ ಭಕ್ತರಿಗೂ ಇದು ರುಚಿಸುವುದಿಲ್ಲ.

ಇನ್ನು ಬೀದಿಗಿಳಿಯುವ ಮಾತು. ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ 2023ರ ಜೂನ್ 24. ವ್ಯಾಗ್ನರ್ ಬಾಡಿಗೆ ಪಡೆಯ ಮುಖ್ಯಸ್ಥ ಪ್ರಿಗೊಝಿನ್ ರೊಸ್ತೊವ್ ನಗರದ ಸೇನಾ ಕಚೇರಿಯನ್ನೇ ವಶಪಡಿಸಿಕೊಂಡು ಮಾಸ್ಕೋ ಕಡೆ ದಂಡು ಕಳಿಸಿದ. ಶೇ 80ರ ಅಧ್ಯಕ್ಷರನ್ನು ಉಳಿಸಲು ಯಾವ ಊರಿನಲ್ಲೂ ಜನ ನುಗ್ಗಿ ಬರಲಿಲ್ಲ. ದಂಗೆಗೂ ಕೈಜೋಡಿಸಲಿಲ್ಲ. ರೊಸ್ತೊವ್‌ನ ಮಂದಿ ಟ್ಯಾಂಕ್ ಪಕ್ಕ ಸೆಲ್ಫಿ ತೆಗೆದುಕೊಂಡರು, ರಾತ್ರಿ ಪಡೆ ಹೊರಟಾಗ ಚಪ್ಪಾಳೆ ತಟ್ಟಿದರು. ಆ ಶೇ 80ರಲ್ಲಿ ಬಹುಪಾಲು ಇಂಥವರೇ ಎಂಬುದು ನನ್ನ ಅಂದಾಜು. ‘ಮಯಾ ಖಾತಾ ಸ್ ಕ್ರಾಯು’ ಎಂಬ ಗಾದೆ ಅಲ್ಲಿ ಎಲ್ಲರ ಬಾಯಲ್ಲಿದೆ. ನನ್ನ ಗುಡಿಸಲು ಊರಾಚೆ ಎಂದರ್ಥ (ನಮ್ಮ ಎ ಖಾತಾ, ಬಿ ಖಾತಾಕ್ಕೂ ಇದಕ್ಕೂ ಸಂಬಂಧವಿಲ್ಲ). ಊರ ಉಸಾಬರಿ ನನಗೇಕೆ ಎಂದು ನಾವು ಹೇಳುವುದಿಲ್ಲವೇ, ಅದೇ.

ಆಡಳಿತಕ್ಕೂ ಇದು ಚೆನ್ನಾಗಿ ಗೊತ್ತು. ಗುಡಿಸಲ ಬಾಗಿಲು ತಟ್ಟಿದರೆ ಜನ ಬೆದರುತ್ತಾರೆ ಎಂಬ ಪಾಠವನ್ನು 2022ರ ಭರ್ತಿ ಕಲಿಸಿತು. ಲಕ್ಷಾಂತರ ಗಂಡಸರು ಗಡಿ ದಾಟಿ ಜಾರ್ಜಿಯಾ, ಕಝಾಕಸ್ತಾನಕ್ಕೆ ಓಡಿದ್ದರು. ಆಮೇಲೆ ಎಳೆದೊಯ್ಯುವುದನ್ನು ಬಿಟ್ಟು ಕೊಳ್ಳಲು ಶುರುಮಾಡಿದರು. 2024ರ ಆಗಸ್ಟ್ ವೇಳೆಗೆ ಸೇನಾ ಕರಾರಿಗೆ ಸಹಿ ಹಾಕಿದವರಿಗೆ ಕೇಂದ್ರದಿಂದ 4 ಲಕ್ಷ ರೂಬಲ್, ಮಾಸ್ಕೋ ನಗರದಿಂದ ಮೇಲೆ 19 ಲಕ್ಷ. ಆಗ ರೂಬಲ್ ಬೆಲೆ ಹೆಚ್ಚುಕಡಿಮೆ ನಮ್ಮ ರೂಪಾಯಿಯಷ್ಟೇ, ನೀವೇ ಲೆಕ್ಕ ಹಾಕಿಕೊಳ್ಳಿ. ಬಡ ಪ್ರಾಂತ್ಯದ ಸಾಲಗಾರ ಸಹಿ ಹಾಕುತ್ತಾನೆ, ಮಾಸ್ಕೋದ ಮಧ್ಯಮವರ್ಗ ಕೆಫೆಯಲ್ಲಿ ಕಾಫಿ ಕುಡಿಯುತ್ತದೆ.

ಎಲ್ಲರೂ ಸುಮ್ಮನಿದ್ದಾರೆ ಎಂದೂ ತಿಳಿಯಬೇಡಿ. 2024ರ ಜನವರಿಯ ಕೊರೆಯುವ ಚಳಿಯಲ್ಲಿ, ಯುದ್ಧ ಬೇಡ ಎಂದ ಬೋರಿಸ್ ನಾದೆಝ್ದಿನ್ ಅಧ್ಯಕ್ಷ ಚುನಾವಣೆಗೆ ನಿಲ್ಲಲೆಂದು ಸಹಿ ಹಾಕಲು ಜನ ಸಾಲುಗಟ್ಟಿ ನಿಂತರು. ಸಹಿ ಹಾಕುವುದು ಕಾನೂನುಬದ್ಧ ಕೆಲಸವಾಗಿತ್ತಲ್ಲ, ಅದಕ್ಕೇ ಧೈರ್ಯ ಬಂತು. ಸಹಿಗಳು ದೋಷಪೂರ್ಣ ಎಂದು ಚುನಾವಣಾ ಆಯೋಗ ಅವರ ಹೆಸರನ್ನೇ ತಿರಸ್ಕರಿಸಿತು. ಮಾರ್ಚ್‌ನಲ್ಲಿ ಪುಟಿನ್‌ಗೆ ಬಂದ ಮತ ಶೇ 87. ಈ ಅಂಕಿಯನ್ನು ದಯವಿಟ್ಟು ಸಮೀಕ್ಷೆಯ ಜೊತೆ ಕಲಸಬೇಡಿ.

ಪ್ರಶ್ನೆ: ಪುಟಿನ್ ಯಾವಾಗಲೋ ತೀರಿಕೊಂಡಿದ್ದಾರೆ, ಈಗ ಇರುವುದು ಡೂಪ್ ಎನ್ನುತ್ತಾರಲ್ಲ? (ಮೈಸೂರು)

ಇಲ್ಲ. ಮುಂದಿನ ಪ್ರಶ್ನೆ.

ಪ್ರಶ್ನೆ: ‘ರಷ್ಯಾದಲ್ಲಿ ಇರಬೇಕಾದರೆ ರಷ್ಯನ್ನರ ಹಾಗೆ ಇರಿ’ ಎಂಬ ಪುಟಿನ್ ಸಂಸತ್ ಭಾಷಣದ ಪೂರ್ಣಪಾಠ ಎಲ್ಲಿ ಸಿಗುತ್ತದೆ? (ಶಿವಮೊಗ್ಗ)

ಎಲ್ಲಿಯೂ ಸಿಗುವುದಿಲ್ಲ, ಅಂಥ ಭಾಷಣ ಆಗಿಯೇ ಇಲ್ಲ. 2013ರಿಂದ ಸುತ್ತುತ್ತಿರುವ ಈ ಫಾರ್ವರ್ಡ್ ನನಗೇ ಹತ್ತಾರು ಸಲ ಬಂದಿದೆ, ಒಮ್ಮೆ ನಿವೃತ್ತ ಪ್ರಾಧ್ಯಾಪಕರಿಂದ!

ಪ್ರಶ್ನೆ: ಸೋವಿಯತ್ ಒಕ್ಕೂಟದ ಹಾಗೆ ರಷ್ಯಾವೂ ಚೂರಾಗುತ್ತದೆಯೇ? (ಬೆಳಗಾವಿ)

ಇಂದಿನ ರಷ್ಯಾದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನ ಜನಾಂಗದಿಂದ ರಷ್ಯನ್ನರು, ಸೋವಿಯತ್ ಕೊನೆಗಾಲದಲ್ಲಿ ಅರ್ಧದಷ್ಟಿದ್ದರು. ಹಾಗಾಗಿ ಆ ಹೋಲಿಕೆ ಅಷ್ಟು ಸಲೀಸಲ್ಲ. ಮುಂದೇನು ಎಂದು ಹೇಳಲು ಜ್ಯೋತಿಷ್ಯ ನನಗೆ ಬರುವುದಿಲ್ಲ.

ಪ್ರಶ್ನೆ: ರಷ್ಯಾದಲ್ಲಿ ಸೆಕ್ಯುರಿಟಿ ಹೆಲ್ಪರ್ ಕೆಲಸ, ಯುದ್ಧಕ್ಕೆ ಕಳಿಸುವುದಿಲ್ಲ ಎಂದು ಏಜೆಂಟ್ ಹೇಳಿದ್ದಾನೆ. ಮಗನನ್ನು ಕಳಿಸಬಹುದೇ? (ಬೀದರ್)

ಕಳಿಸಬೇಡಿ. ನಿಮ್ಮ ಪಕ್ಕದ ಕಲಬುರಗಿಯ ಹುಡುಗರು ಇದೇ ಮಾತು ನಂಬಿ ಹೋಗಿ ಉಕ್ರೇನ್ ಗಡಿಯಲ್ಲಿ ಸಿಕ್ಕಿಕೊಂಡದ್ದು 2024ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದೇ ಜಾಲಕ್ಕೆ ಬಿದ್ದ ಹೈದರಾಬಾದ್, ಸೂರತ್ ಕಡೆಯ ಯುವಕರು ಹೆಣವಾದರು. ಸಿಬಿಐ ಪ್ರಕರಣ ದಾಖಲಿಸಿತು, ಪ್ರಧಾನಿಯೇ ಮಾಸ್ಕೋದಲ್ಲಿ ವಿಷಯ ಎತ್ತಬೇಕಾಯಿತು. ಅಲ್ಲಿ ಸಹಿ ಹಾಕಿಸುವ ಕಾಗದ ರಷ್ಯನ್ ಭಾಷೆಯಲ್ಲಿರುತ್ತದೆ, ಅದು ಸೇನಾ ಕರಾರು. ಒಮ್ಮೆ ಸಹಿ ಬಿದ್ದರೆ ಬಿಡಿಸಿಕೊಂಡು ಬರುವುದು ರಾಯಭಾರ ಕಚೇರಿಗೂ ಸುಲಭವಲ್ಲ. ಪಾಸ್‌ಪೋರ್ಟ್ ಆ ಏಜೆಂಟನ ಕೈಯಲ್ಲಿದ್ದರೆ ಇವತ್ತೇ ಹೋಗಿ ಇಸಿದುಕೊಂಡು ಬನ್ನಿ. ಕೊಟ್ಟ ಮುಂಗಡ ಹೋದರೆ ಹೋಗಲಿ.