ಹಳೆಯ ಯಂತ್ರಕ್ಕೆ ಹೊಸ ಆಟ: ಓದುಗರ ನಾಲ್ಕು ಪ್ರಶ್ನೆಗಳು

1980ರ ದಶಕದ 8 ಬಿಟ್ ಕಂಪ್ಯೂಟರುಗಳಿಗೆ ಇಂದಿಗೂ ಹವ್ಯಾಸಕ್ಕಾಗಿ ಆಟ ಬರೆಯುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಈ ಬಾರಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದಿತ್ತು. ಮಕ್ಕಳಿಂದ ಬೇಸಿಕ್ ಭಾಷೆಯಲ್ಲಿ ಸಣ್ಣಪುಟ್ಟ ಆಟಗಳನ್ನು ಬರೆಸುತ್ತಿದ್ದೆ. ಅಂಥ ಯಂತ್ರಗಳಿಗೆ ಈಗಲೂ ಹೊಸ ಆಟಗಳು ಬರುತ್ತಿವೆ ಎಂದು ಮೊಮ್ಮಗ ಹೇಳುತ್ತಾನೆ. ಇದು ನಿಜವೇ? ನಿಜವಾದರೆ, ಹಳೆಯ ನೆನಪನ್ನು ಮೆಲುಕು ಹಾಕುವುದಕ್ಕಿಂತ ಹೆಚ್ಚಿನದು ಅದರಲ್ಲಿ ಏನಿದೆ?
ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಮೊಮ್ಮಗ ಹೇಳಿದ್ದು ನಿಜ. ನಿಮ್ಮ ಶಾಲೆಗೆ ಬಂದದ್ದು ಬಹುಶಃ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲೆಂದು 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯ ಯಂತ್ರವಿರಬೇಕು. ಅದರ ಮೆಮೊರಿ 32 ಕಿಲೋಬೈಟ್ ಮಾತ್ರ. ಅದೇ 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಆ ಇಕ್ಕಟ್ಟಿನೊಳಗೇ ‘ಎಲೈಟ್’ ಎಂಬ ಆಟ ಬರೆದು, ತಲಾ 256 ಗ್ರಹಗಳಿರುವ 8 ಗೆಲಾಕ್ಸಿಗಳನ್ನು ಅದರಲ್ಲಿ ತುಂಬಿದರು. ಗ್ರಹಗಳ ಹೆಸರು, ಸ್ಥಾನ ಯಾವುದನ್ನೂ ಪಟ್ಟಿಯಾಗಿ ಬರೆದಿಡದೆ, ಬೇಕಾದಾಗಲೆಲ್ಲ ಒಂದು ಸೂತ್ರದಿಂದ ಹುಟ್ಟಿಸಿಕೊಂಡರು. ಇಂದಿನ ಹವ್ಯಾಸಿಗಳನ್ನು ಸೆಳೆಯುತ್ತಿರುವುದು ನೆನಪಿಗಿಂತ ಹೆಚ್ಚಾಗಿ ಈ ಇಕ್ಕಟ್ಟೇ ಎಂಬುದು ನನ್ನ ಅಭಿಪ್ರಾಯ. ಬೇಸಿಕ್‌ನ ಹತ್ತೇ ಸಾಲುಗಳಲ್ಲಿ ಆಟ ಬರೆಯುವ ಸ್ಪರ್ಧೆಯೊಂದು 2011ರಿಂದ ನಡೆಯುತ್ತಿದೆ. ಎಂಎಸ್‌ಎಕ್ಸ್ ಎಂಬ ಇನ್ನೊಂದು ಬಗೆಯ 8 ಬಿಟ್ ಯಂತ್ರಗಳ ಆಟಗಳಿಗಾಗಿ 2003ರಲ್ಲೇ ಸ್ಪರ್ಧೆ ಶುರುವಾಯಿತು. ಸಿಂಕ್ಲೇರ್ ಸ್ಪೆಕ್ಟ್ರಂ, ಕಮೋಡೋರ್ 64 ಎರಡೂ 1982ರ ಯಂತ್ರಗಳು. ಅವೆರಡಕ್ಕೂ ಹೊಸ ಆಟಗಳು ಬರುತ್ತಲೇ ಇವೆ. ಸ್ಪೆಕ್ಟ್ರಮ್ಮಿನ ಮಿದುಳಾದ ಜೆಡ್80 ಚಿಪ್ಪು 1976ರಲ್ಲಿ ಬಂದದ್ದು. ಅದರ ಮೂಲ ಮಾದರಿಗೆ ಝೈಲಾಗ್ ಕಂಪನಿ ಕೊನೆಯ ಆರ್ಡರುಗಳನ್ನು ತೆಗೆದುಕೊಂಡದ್ದು 2024ರ ಜೂನ್‌ನಲ್ಲಿ, ಅಂದರೆ ಮೊನ್ನೆ ಮೊನ್ನೆ.

ಬರೆಯುವ ಅನುಕೂಲವಂತೂ ನಿಮ್ಮ ಕಾಲಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿದೆ. ಆಗ ಒಂದು ತಪ್ಪು ಅಂಕಿ ಬಿದ್ದರೆ ಯಂತ್ರ ಸ್ತಬ್ಧವಾಗಿ, ಕ್ಯಾಸೆಟ್ಟಿನಿಂದ ಮತ್ತೆ ಎಲ್ಲವನ್ನೂ ಏರಿಸಬೇಕಾಗುತ್ತಿತ್ತು. ತುಮಕೂರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಮೂರು ಸಂಜೆ ಕುಳಿತು ಟೈಪ್ ಮಾಡಿದ ಆಟ, ಕ್ಯಾಸೆಟ್ಟಿಗೆ ಇಳಿಸುವ ಮೊದಲೇ ಕರೆಂಟ್ ಹೋಗಿ ಮಾಯವಾದದ್ದು ಇಂದಿಗೂ ಹೊಟ್ಟೆ ಉರಿಸುತ್ತದೆ. ಈಗ ಲ್ಯಾಪ್‌ಟಾಪಿನಲ್ಲಿ ಸಿ ಭಾಷೆಯಲ್ಲೋ ಬೇಸಿಕ್‌ನಲ್ಲೋ ಬರೆದು, ಜೆಡ್88ಡಿಕೆಯಂಥ ಕಂಪೈಲರ್ ಮೂಲಕ ಹಳೆಯ ಯಂತ್ರದ ಭಾಷೆಗೆ ತಿರುಗಿಸಿ, ಅದೇ ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮಿನಲ್ಲಿ, ಕೂಡಲೇ ಆಡಿಸಿ ನೋಡಬಹುದು. ಒಂದು ಸಾಲು ಪ್ರೋಗ್ರಾಂ ಬರೆಯದೆ ಚಿತ್ರಗಳನ್ನು ಜೋಡಿಸಿ ಆಟ ಕಟ್ಟುವ ಸಿದ್ಧ ಸಾಧನಗಳೂ ಇವೆ. ಇವುಗಳಿಂದ ಆಟಗಳ ಸಂಖ್ಯೆ ಏರಿದೆ, ನಿಜ. ಆದರೆ ಆ ಆಟಗಳು ಒಂದೇ ಅಚ್ಚಿನ ಬೆಲ್ಲದಂತೆ ಒಂದನ್ನೊಂದು ಹೋಲುತ್ತವೆ ಎಂಬ ದೂರೂ ಸುಳ್ಳಲ್ಲ.

ಕೊರತೆ ಇರುವುದು ಶುರು ಮಾಡುವುದರಲ್ಲಿ ಅಲ್ಲ, ಮುಗಿಸುವುದರಲ್ಲಿ. ಬಣ್ಣಬಣ್ಣದ ಮೊದಲ ಪುಟ, ಅದಕ್ಕೊಂದು ರಾಗ, ಅತ್ತಿತ್ತ ನಡೆಯುವ ಒಬ್ಬ ನಾಯಕ, ಇಷ್ಟಕ್ಕೆ ನಿಂತುಹೋದ ಆಟಗಳು ಈ ಹವ್ಯಾಸದಲ್ಲಿ ರಾಶಿ ರಾಶಿ ಸಿಗುತ್ತವೆ. ನನ್ನ ಕಂಪ್ಯೂಟರಿನಲ್ಲೇ ಅಂಥವು ಮೂರು ಇವೆ. ಮುಂದಿನ ಎರಡು ಪತ್ರಗಳನ್ನು ಆರಿಸಿದ್ದು ಈ ಕಾರಣಕ್ಕಾಗಿಯೇ.

ಪ್ರಶ್ನೆ: ರೇಷ್ಮೆಗೂಡಿನ ಮೂಟೆ ಹೊತ್ತ ಹುಡುಗ ಮಾರುಕಟ್ಟೆಗೆ ಓಡುವ ಆಟವನ್ನು ಸ್ಪೆಕ್ಟ್ರಮ್ಮಿಗಾಗಿ ಬರೆಯುತ್ತಿದ್ದೇನೆ. ಹುಡುಗ ಓಡಿದಂತೆ ಇಡೀ ಬೀದಿ ಹಿಂದಕ್ಕೆ ಸರಿಯಬೇಕು. ಯಂತ್ರದ ನೇರ ಭಾಷೆಯಾದ ಮೆಷಿನ್ ಕೋಡ್‌ನಲ್ಲೇ ಬರೆದಿದ್ದರೂ ಆಟ ಎತ್ತಿನಗಾಡಿಯಂತೆ ಸಾಗುತ್ತದೆ. ನನ್ನ ತಪ್ಪು ಎಲ್ಲಿದೆ, ಸರ್?
ಎಂಜಿನಿಯರಿಂಗ್ ವಿದ್ಯಾರ್ಥಿ, ಶಿಡ್ಲಘಟ್ಟ

ಉತ್ತರ: ತಪ್ಪು ನಿಮ್ಮ ಕೋಡ್‌ನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಿಮ್ಮ ಆಸೆಯಲ್ಲಿದೆ. ಲೆಕ್ಕ ಹಾಕಿ ನೋಡೋಣ. ಸ್ಪೆಕ್ಟ್ರಮ್ಮಿನ ಪರದೆ 256 ಪಿಕ್ಸೆಲ್ ಅಗಲ, 192 ಪಿಕ್ಸೆಲ್ ಎತ್ತರ. ಬಣ್ಣವನ್ನು ಬಿಟ್ಟು ಚಿತ್ರವಷ್ಟೇ 6144 ಬೈಟ್. ಸೆಕೆಂಡಿಗೆ ಸುಮಾರು 50 ಬಾರಿ ಪರದೆ ಹೊಸದಾಗುತ್ತದೆ, ಮತ್ತು 48 ಕಿಲೋಬೈಟಿನ ಯಂತ್ರದಲ್ಲಿ ಎರಡು ಪರದೆಗಳ ನಡುವೆ ನಿಮ್ಮ ಕೈಗೆ ಸಿಗುವುದು 69,888 ಕ್ಲಾಕ್ ಸೈಕಲ್, ಅಂದರೆ ಚಿಪ್ಪಿನ ಗಡಿಯಾರದ ಅಷ್ಟು ಮಿಡಿತ. ಮೆಮೊರಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಎಲ್‌ಡಿಐಆರ್ ಆದೇಶ ಒಂದು ಬೈಟಿಗೆ 21 ಸೈಕಲ್ ತಿನ್ನುತ್ತದೆ. 6144ನ್ನು 21ರಿಂದ ಗುಣಿಸಿದರೆ 1,29,024. ಹುಡುಗನನ್ನು ಬಿಡಿಸುವ ಮೊದಲೇ, ಶಬ್ದ ಹೊರಡಿಸುವ ಮೊದಲೇ, ಬೀದಿಯನ್ನು ಒಮ್ಮೆ ಸರಿಸುವುದಕ್ಕೇ ಸುಮಾರು ಎರಡು ಪರದೆಗಳ ಕಾಲ ಮುಗಿದುಹೋಯಿತು. ಅದೂ ಎಂಟೆಂಟು ಪಿಕ್ಸೆಲ್ ಹಾರಿ ಸರಿಸಿದರೆ; ಒಂದೊಂದೇ ಪಿಕ್ಸೆಲ್ ನಯವಾಗಿ ಸರಿಸಲು ಹೊರಟರೆ ಬೈಟಿನೊಳಗಿನ ಬಿಟ್‌ಗಳನ್ನೂ ಹೊರಳಿಸಬೇಕಾದ್ದರಿಂದ ಖರ್ಚು ಇನ್ನೂ ಏರುತ್ತದೆ. ಕಮೋಡೋರ್ 64ರಲ್ಲಿ ಪರದೆಯನ್ನು ಏಳು ಪಿಕ್ಸೆಲ್‌ಗಳವರೆಗೆ ಸರಿಸುವ ಸೌಲಭ್ಯ ಚಿಪ್ಪಿನಲ್ಲೇ ಇದೆ, ಜೊತೆಗೆ ಹಿನ್ನೆಲೆಯನ್ನು ಮತ್ತೆ ಬಿಡಿಸದೆ ಸರಿಸಬಲ್ಲ ಎಂಟು ಸ್ಪ್ರೈಟ್‌ಗಳು, ಅಂದರೆ ಚಿಪ್ಪೇ ಬಿಡಿಸುವ ಗೊಂಬೆಗಳು, ಇವೆ. ಸ್ಪೆಕ್ಟ್ರಮ್ಮಿನಲ್ಲಿ ಇವೆರಡೂ ಇಲ್ಲ. ಒಂದು ಯಂತ್ರದ ಆಟವನ್ನು ಇನ್ನೊಂದರ ಮೇಲೆ ಹೇರಿದಾಗ ಆಗುವ ಸಂಕಟ ಇದು.

ಹಾಗಾಗಿ ಬೀದಿಯನ್ನು ನಿಲ್ಲಿಸಿ, ಹುಡುಗನನ್ನು ಮಾತ್ರ ಓಡಿಸಿ. ಅವನು ಬಲ ಅಂಚು ಮುಟ್ಟಿದಾಗ ಮುಂದಿನ ಬೀದಿಯ ಚಿತ್ರ ಒಮ್ಮೆಗೇ ಬರಲಿ. 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಹುಡುಗ ಎಂದರೆ 32 ಬೈಟ್. ಅವನ ಹಿಂದಿನ ಗೋಡೆಯನ್ನು ಎತ್ತಿಟ್ಟುಕೊಂಡು, ಅವನನ್ನು ಬಿಡಿಸಿ, ಮುಂದಿನ ಬಾರಿ ಗೋಡೆಯನ್ನು ಮರಳಿ ಇಟ್ಟರೂ ಒಂದು ಪರದೆಯ ಕಾಲದಲ್ಲಿ ಇನ್ನೂ ನಾಲ್ಕಾರು ಜನರನ್ನು ಓಡಿಸುವಷ್ಟು ಸಮಯ ಉಳಿಯುತ್ತದೆ. ನಿಮ್ಮ ಪ್ರೋಗ್ರಾಂ ಮೆಮೊರಿಯ 32768ನೆಯ ವಿಳಾಸದಿಂದ ಮೇಲೆ ಕುಳಿತಿದೆಯೇ ಎಂಬುದನ್ನೂ ನೋಡಿ. ಅದರ ಕೆಳಗಿನ 16 ಕಿಲೋಬೈಟನ್ನು ಪರದೆ ಬಿಡಿಸುವ ಚಿಪ್ಪು ಕೂಡ ಓದುತ್ತಿರುವುದರಿಂದ, ಅಲ್ಲಿಟ್ಟ ಪ್ರೋಗ್ರಾಂ ಆಗಾಗ ದಾರಿ ಬಿಟ್ಟು ಕಾಯಬೇಕಾಗುತ್ತದೆ. ಎಮ್ಯುಲೇಟರಿನ ವೇಗವನ್ನು ಹೆಚ್ಚಿಸಿ ಪರೀಕ್ಷಿಸುವ ಚಪಲವನ್ನಂತೂ ಬಿಡಿ. ನೂರಕ್ಕೆ ನೂರರ ವೇಗದಲ್ಲಿ ಓಡದ ಹುಡುಗ ನಿಜವಾದ ಯಂತ್ರದ ಮೇಲೂ ಓಡುವುದಿಲ್ಲ.

ಪ್ರಶ್ನೆ: ಸ್ಪೆಕ್ಟ್ರಮ್ಮಿನ ಬೇಸಿಕ್‌ನಲ್ಲಿ ಚೌಕಾಬಾರ ಬರೆದೆ. ಅಮ್ಮನಿಗೆ ಆಡಲು ಕೊಟ್ಟರೆ ಐದು ನಿಮಿಷದಲ್ಲಿ ಎದ್ದು, “ಇದು ಕಳ್ಳ ಕವಡೆ, ನಾನು ಆಡಲ್ಲ” ಎಂದುಬಿಟ್ಟರು. 1, 2, 3, 4, 8 ಈ ಐದರಲ್ಲಿ ಒಂದು ಬೀಳುವಂತೆ ಮಾಡಿದ್ದೇನೆ, ಮೋಸವೇನೂ ಇಲ್ಲ. ಇನ್ನೊಂದು ತೊಂದರೆ: ಆಟದಲ್ಲಿ ಕನ್ನಡ ಅಕ್ಷರಗಳನ್ನು ತೋರಿಸುವುದು ಹೇಗೆ? ಒತ್ತಕ್ಷರ ಬಂದರೆ ಎಲ್ಲವೂ ಕಲಸಿಹೋಗುತ್ತದೆ.
ಬ್ಯಾಂಕ್ ಉದ್ಯೋಗಿ, ಕೋಲಾರ

ಉತ್ತರ: ನಿಮ್ಮ ತಾಯಿಯವರು ಸರಿ, ನೀವು ತಪ್ಪು. ನಾಲ್ಕು ಕವಡೆ ಚೆಲ್ಲಿದಾಗ, ಅಥವಾ ನಮ್ಮ ಕಡೆಯ ರೂಢಿಯಂತೆ ಒಂದು ಮಗ್ಗುಲು ತೇದ ನಾಲ್ಕು ಹುಣಿಸೆ ಬೀಜ ಚೆಲ್ಲಿದಾಗ, ಪ್ರತಿಯೊಂದೂ ಬೇರೆ ಬೇರೆಯಾಗಿ ಅಂಗಾತವೋ ಬೋರಲೋ ಬೀಳುತ್ತದೆ. ಒಟ್ಟು 16 ಬಗೆಯಲ್ಲಿ ಅವು ಬೀಳಬಹುದು. ಎರಡು ಅಂಗಾತ ಬೀಳುವುದು ಅವುಗಳಲ್ಲಿ 6 ಬಗೆ, ಒಂದು ಬೀಳುವುದು 4, ಮೂರು ಬೀಳುವುದು 4. ನಾಲ್ಕೂ ಅಂಗಾತ ಬಿದ್ದು ಚೌಕವಾಗುವುದು ಒಂದೇ ಬಗೆ, ನಾಲ್ಕೂ ಬೋರಲಾಗಿ ಬಾರ ಬೀಳುವುದೂ ಒಂದೇ ಬಗೆ. ಕವಡೆಯ ಎರಡು ಮಗ್ಗುಲೂ ಸರಿಸಮ ಎಂದಿಟ್ಟುಕೊಂಡರೆ ಬಾರ ಬೀಳಬೇಕಾದದ್ದು 16 ಎಸೆತಕ್ಕೆ ಒಮ್ಮೆ. ನಿಮ್ಮ ಆಟದಲ್ಲಿ ಅದು 5ಕ್ಕೆ ಒಮ್ಮೆ ಬೀಳುತ್ತಿದೆ. ಚೌಕ, ಬಾರ ಎರಡಕ್ಕೂ ಇನ್ನೊಂದು ಎಸೆತ ಸಿಗುವುದರಿಂದ, 8ಕ್ಕೆ ಒಮ್ಮೆ ಸಿಗಬೇಕಾದ ಮರು ಎಸೆತ 5ಕ್ಕೆ ಎರಡು ಬಾರಿ ಸಿಗುತ್ತಿದೆ. ಬಾಲ್ಯದಿಂದ ಕವಡೆ ಚೆಲ್ಲಿದ ಕೈಗೆ ಇದು ಐದು ನಿಮಿಷದಲ್ಲಿ ತಿಳಿಯದೆ ಇರುತ್ತದೆಯೇ? ಸೊನ್ನೆ ಅಥವಾ ಒಂದು ಕೊಡುವ ಯಾದೃಚ್ಛಿಕ ಸಂಖ್ಯೆಯನ್ನು ನಾಲ್ಕು ಬಾರಿ ತೆಗೆದು ಕೂಡಿಸಿ, ಮೊತ್ತ ಸೊನ್ನೆಯಾದರೆ ಎಂಟು ಎಂದು ಬದಲಿಸಿ. ಆರಂಭದಲ್ಲಿ ಒಮ್ಮೆ ರ‍್ಯಾಂಡಮೈಜ್ ಆದೇಶ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಯಂತ್ರ ಹಚ್ಚಿದಾಗಲೆಲ್ಲ ಕವಡೆಗಳು ಅದೇ ಸರದಿಯಲ್ಲಿ ಬೀಳುತ್ತವೆ.

ಆಟದ ಆಯ್ಕೆಯನ್ನು ಮಾತ್ರ ಮೆಚ್ಚಿದೆ. ಸ್ಪೆಕ್ಟ್ರಮ್ಮಿನಲ್ಲಿ ಎಂಟು ಪಿಕ್ಸೆಲ್ ಚದರದ ಒಂದು ಕೋಶಕ್ಕೆ ಎರಡೇ ಬಣ್ಣ. ಚಲಿಸುವ ಗೊಂಬೆಗಳು ಒಂದೇ ಕೋಶದಲ್ಲಿ ಸೇರಿದರೆ ಒಂದರ ಬಣ್ಣ ಇನ್ನೊಂದಕ್ಕೆ ಬಳಿದುಕೊಳ್ಳುತ್ತದೆ. ಚೌಕಾಬಾರದಲ್ಲಿ ಆ ಪೀಡೆಯೇ ಇಲ್ಲ. ಪರದೆಯಲ್ಲಿ 32 ಅಡ್ಡ, 24 ಉದ್ದ ಕೋಶಗಳಿವೆ. ಒಂದೊಂದು ಮನೆಗೆ ನಾಲ್ಕು ಕೋಶ ಅಗಲ, ನಾಲ್ಕು ಕೋಶ ಎತ್ತರ ಕೊಟ್ಟರೆ 25 ಮನೆಗಳ ಹಾಸು 20 ಕೋಶಗಳಲ್ಲಿ ಮುಗಿಯುತ್ತದೆ, ಮತ್ತು ಎರಡು ಕೋಶ ಅಗಲದ ಕಾಯಿಗಳು ಮನೆಯೊಂದಕ್ಕೆ ನಾಲ್ಕರಂತೆ ತಮ್ಮ ತಮ್ಮ ಬಣ್ಣದಲ್ಲೇ ಕೂರುತ್ತವೆ. ಕಟ್ಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಕಾಯಿ ಸೇರಿದಾಗ ಕಾಯಿಗಳ ಬದಲು ಅಂಕಿ ತೋರಿಸಬೇಕಾಗುತ್ತದೆ. ಹೊರಸುತ್ತಿನ 16, ಒಳಸುತ್ತಿನ 8, ನಡುವಿನ 1 ಸೇರಿ ಒಬ್ಬ ಆಟಗಾರನ ದಾರಿ 25 ಬೈಟಿನ ಪಟ್ಟಿ. ನಾಲ್ವರಿಗೆ ನೂರು ಬೈಟ್.

ಬಲಗಡೆ ಉಳಿಯುವ 12 ಕೋಶಗಳ ಪಟ್ಟಿಯೇ ನಿಮ್ಮ ಕನ್ನಡದ ಜಾಗ. ಎಂಟು ಪಿಕ್ಸೆಲ್ ಎತ್ತರದಲ್ಲಿ ತಲಕಟ್ಟು, ಅಕ್ಷರ, ಒತ್ತು ಮೂರನ್ನೂ ತುರುಕಲು ಹೋದದ್ದರಿಂದಲೇ ಎಲ್ಲ ಕಲಸಿಹೋಗಿದೆ. ಇಡೀ ವರ್ಣಮಾಲೆಯನ್ನು ಕಟ್ಟುವ ಗೋಜಿಗೆ ಹೋಗಬೇಡಿ. ನಿಮಗೆ ಬೇಕಾದ ಪದಗಳು ಎಷ್ಟು? ಚೌಕ, ಬಾರ, ಕಡಿತ, ಹಣ್ಣು, ಗೆದ್ದಿರಿ, ಇನ್ನೊಂದೈದು. ಪ್ರತಿ ಪದವನ್ನೂ ಅಕ್ಷರಗಳೆಂದು ಭಾವಿಸದೆ ಒಂದು ಚಿತ್ರವೆಂದು ತಿಳಿದು, ಆರು ಕೋಶ ಅಗಲ, ಎರಡು ಕೋಶ ಎತ್ತರದ ಚೌಕಟ್ಟಿನಲ್ಲಿ ಚೌಕುಳಿ ಕಾಗದದ ಮೇಲೆ ಬಿಡಿಸಿಕೊಳ್ಳಿ. ಮೇಲಿನ ಕೋಶದಲ್ಲಿ ‘ಹಣು’, ಕೆಳಗಿನದರಲ್ಲಿ ಣಕಾರದ ಒತ್ತು ನಿರಾಳವಾಗಿ ಬರುತ್ತವೆ. ಒಂದು ಪದಕ್ಕೆ 96 ಬೈಟ್, ಹತ್ತು ಪದಕ್ಕೆ ಒಂದು ಕಿಲೋಬೈಟಿಗೂ ಕಡಿಮೆ. ಬಳಕೆದಾರರು ಬಿಡಿಸಿಕೊಳ್ಳಲೆಂದು ಬೇಸಿಕ್‌ನಲ್ಲಿರುವ 21 ಅಕ್ಷರಗಳು ಇದಕ್ಕೆ ಸಾಲುವುದಿಲ್ಲವಾದ್ದರಿಂದ, 23606 ಮತ್ತು 23607ನೆಯ ವಿಳಾಸಗಳಲ್ಲಿ ನಿಮ್ಮದೇ ಚಿತ್ರಪಟ್ಟಿಯ ವಿಳಾಸವನ್ನು 256 ಕಳೆದು ತುಂಬಿದರೆ, ಯಂತ್ರ ತನ್ನ ಇಂಗ್ಲಿಷ್ ಅಕ್ಷರಗಳ ಬದಲು ನಿಮ್ಮ ತುಣುಕುಗಳನ್ನು ಮುದ್ರಿಸುತ್ತದೆ. ಅಂಕಿಗಳನ್ನು ಮುದ್ರಿಸುವ ಮುನ್ನ ಆ ಎರಡು ವಿಳಾಸಗಳಲ್ಲಿ ಮೊದಲಿದ್ದ ಸಂಖ್ಯೆಗಳನ್ನು ಮರಳಿ ತುಂಬಿ.

ಜೋಡಿ ಕಾಯಿಗಳನ್ನು ಗಟ್ಟಿ ಮಾಡಿ ಒಟ್ಟಿಗೆ ನಡೆಸುವ ಪದ್ಧತಿ ನಿಮ್ಮ ಮನೆಯಲ್ಲಿ ಇದೆಯೇ ಎಂದು ತಾಯಿಯವರನ್ನೇ ಕೇಳಿಕೊಳ್ಳಿ. ಇದ್ದರೆ ದಾರಿಯ ಪಟ್ಟಿ ಹಾಗೆಯೇ ಉಳಿದರೂ ಕಡಿಯುವ ನಿಯಮದ ಭಾಗವನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಪ್ರಶ್ನೆ: ಅಟ್ಟದ ಮೇಲೆ ಮಾವನವರ ಹಳೆಯ ಸ್ಪೆಕ್ಟ್ರಂ ಸಿಕ್ಕಿದೆ, ಅಡಾಪ್ಟರ್ ಇಲ್ಲ. ಮನೆಯಲ್ಲಿರುವ ಯಾವುದಾದರೂ 9 ವೋಲ್ಟ್ ಅಡಾಪ್ಟರ್ ಹಾಕಬಹುದೇ?
ಗೃಹಿಣಿ, ಚಿಂತಾಮಣಿ

ಉತ್ತರ: ದಯವಿಟ್ಟು ಹಾಕಬೇಡಿ. ಈಗಿನ ಬಹುತೇಕ ಅಡಾಪ್ಟರುಗಳ ಪಿನ್ನಿನ ನಡುಭಾಗ ಧನ, ಸ್ಪೆಕ್ಟ್ರಮ್ಮಿನದು ಋಣ. ತಿರುಗಾಮುರುಗಾ ಆದರೆ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ. ರೇಡಿಯೋ, ಟಿವಿ ರಿಪೇರಿ ಮಾಡುವ ಹಳಬರೊಬ್ಬರಿಗೆ ತೋರಿಸಿ, ಮೊದಲು ಕೆಪಾಸಿಟರುಗಳನ್ನು ಪರೀಕ್ಷಿಸಿ ಬದಲಾಯಿಸಲು ಹೇಳಿ. ಕೀಲಿಮಣೆಯ ಒಳಗಿನ ಪ್ಲಾಸ್ಟಿಕ್ ಹಾಳೆ ಇಷ್ಟು ವರ್ಷಕ್ಕೆ ಒಣಗಿ ಗರಿಗರಿಯಾಗಿರುತ್ತದೆ, ಮುಚ್ಚಳ ತೆಗೆಯುವಾಗ ಎಳೆದರೆ ಮುರಿಯುತ್ತದೆ. ಹೊಸ ಹಾಳೆಗಳು ಇನ್ನೂ ತಯಾರಾಗುತ್ತಿವೆ. ಅಲ್ಲಿಯವರೆಗೆ ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಆಡಿ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ, ಯಂತ್ರದ ಮೂಲ ಪ್ರೋಗ್ರಾಮನ್ನು ಎಮ್ಯುಲೇಟರುಗಳ ಜೊತೆ ಹಂಚಲು 1999ರಲ್ಲೇ ಒಪ್ಪಿಗೆ ಕೊಟ್ಟಿದೆ.